ನೀಲಿ ಕಾಗದ

ಲೈಸೆನ್ಸಿಗೆ ಹದಿನಾಲ್ಕು ತಿಂಗಳು ಅಲೆದೆ.
ಕೋಥರೂಡ್ ಠಾಣೆಯ ಪೇದೆ ಮನೆಗೆ ಬಂದು
ಚಹಾ ಕುಡಿದು, ಇಳಿಯುತ್ತ ಕೆಳಮನೆಯವರನ್ನು ಕೇಳಿದನಂತೆ:
ಬಾಯಿ ಜಗಳಗಂಟಿಯೇನು?
ಛೇ, ಅವರು ಹಲ್ಲು ಮಾಡುತ್ತಾರೆ, ಅಂದರಂತೆ.
ಅಷ್ಟು ಸಾಕಾಯಿತು ಸರಕಾರಕ್ಕೆ.

ಹಲ್ಲು ಮಾಡುವುದು ನಿಜ. ಸದಾಶಿವ ಪೇಟೆಯ ಹಿಂದಿನ ಓಣಿ,
ಪ್ಲಾಸ್ಟರು, ಮೇಣ, ಗುಲಾಬಿ ಅಕ್ರಿಲಿಕ್ಕು.
ಇಪ್ಪತ್ತೆರಡು ವರ್ಷದಿಂದ
ಮುಖವನ್ನೇ ನೋಡದ ಬಾಯಿಗಳಿಗೆ ದವಡೆ ಕೂರಿಸುತ್ತ ಬಂದೆ.

ಪಿಸ್ತೂಲು ನನ್ನದಾದದ್ದು ಶುಕ್ರವಾರ.
ಪಾಯಿಂಟ್ ಟೂ ಟೂ. ಮ್ಯಾಗಜಿನ್ನಿಗೆ ಐದು ತೋಟಾ.
ಮಾರಿದ್ದು ಕ್ಯಾಂಪಿನ ಫ್ರೇನಿಬಾಯಿ, ಗಂಡ ತೀರಿ ಮೂರು ವರ್ಷ.
ಪೆಟ್ಟಿಗೆಯೊಳಗೆ ಅವನ ಎಣ್ಣೆಬಟ್ಟೆ, ಕೂದಲುದುರಿದ ಬ್ರಶ್ಶು,
ಕಾಗದ ಬಿಚ್ಚದ ಒಂದು ಪೆಪ್ಪರಮಿಂಟು.
ಹಣ ಎಣಿಸಿಕೊಂಡು ಅವಳು ಕೇಳಿದ್ದು ಇಷ್ಟೇ:
ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತೀಯಲ್ಲ?

ಭಾನುವಾರ, ಬೆಟ್ಟದ ಬುಡದ ರೇಂಜು, ಏಳನೇ ಸಾಲು.
ಪಕ್ಕದಲ್ಲಿ ಹದಿನೈದರ ಮೃಣ್ಮಯಿ,
ಕಾಲಲ್ಲಿ ಸ್ಕೂಲಿನ ಬೂಟು, ನೆಟ್ಟಗೆ ನಿಂತ ಕಂಬ.
ಅವಳ ಗುಂಡುಗಳು ಒಂದರ ಬೆನ್ನಿಗೊಂದು ಸದ್ದಿಲ್ಲದವರಂತೆ ಹೋಗುತ್ತಿದ್ದವು.
ನನಗೆ ಮ್ಯಾಗಜಿನ್ನೇ ತುಂಬುತ್ತಿಲ್ಲ;
ಐದನೆಯದಕ್ಕೆ ಸ್ಪ್ರಿಂಗು ಹೆಬ್ಬೆರಳನ್ನು ಕಚ್ಚಿತು.

ಮಾಶೀ ಬಘಾ, ಮಾಶೀ, ಅಂದರು ಶಿತೋಳೆ ಸರ್.
ನೊಣವಂತೆ ಅದು, ನಳಿಗೆಯ ತುದಿಯ ಆ ಕರಿ ಚೂರು.
ಅಷ್ಟು ದೂರದ ಗುರಿ ಮಸುಕಾಗಲಿ, ನೊಣ ಮಾತ್ರ ಸ್ಪಷ್ಟವಾಗಿರಲಿ.
ನಮ್ಮ ಸೊಲ್ಲಾಪುರದ ಮನೆಯಲ್ಲಿ ಅಪ್ಪ
ಟ್ರಿಗರಿಗೆ ಕುದುರೆ ಅನ್ನುತ್ತಿದ್ದ.
ಕುದುರೆಯನ್ನು ಎಳೆಯಬಾರದು,
ಕರೆದರೆ ಅದೇ ನಡೆದು ಬರಬೇಕು.
ನಾನು ಎಳೆದೆ.

ಮೊದಲನೆಯದು ಎಲ್ಲಿಗೆ ಹೋಯಿತೋ ಮಣ್ಣದಿಬ್ಬಕ್ಕೇ ಗೊತ್ತು.
ಎರಡು, ಮೂರು ಕೆಳಗೆ ಎಡಕ್ಕೆ,
ಗಡಿಯಾರದಲ್ಲಾದರೆ ಏಳೂವರೆ.
ನಾಲ್ಕರಲ್ಲಿ ಖಾಲಿ ತೋಟಾ ಹೊರಗೆ ಹಾರದೆ
ಚಿಮಣಿಯಂತೆ ಅಡ್ಡ ನಿಂತುಬಿಟ್ಟಿತು.
ಹೆದರಿ ತಿರುಗಹೋದೆ. ತಿರುಗಬೇಡ!
ಇಡೀ ಬೆಳಗಿನಲ್ಲಿ ಸರ್ ದನಿ ಏರಿಸಿದ್ದು ಅದೊಂದೇ ಸಲ.
ನಳಿಗೆ ದಿಬ್ಬದ ಕಡೆ. ಬೆರಳು ಹೊರಗೆ. ಮ್ಯಾಗಜಿನ್ ಇಳಿಸು.
ಈಗ ಉಸಿರಾಡು.
ಬಿಸಿ ಹಿತ್ತಾಳೆ ಉದುರಿ ಚಪ್ಪಲಿಯ ಪಕ್ಕ ಕುಣಿಯಿತು.

ಮೂವತ್ತು ಗುಂಡು, ನೂರಾ ಅರವತ್ತೊಂದು ಅಂಕ.
ಮೃಣ್ಮಯಿ ನನ್ನ ಕಾಗದ ನೋಡಿ ಮರ್ಯಾದೆಗೆ ನಗಲಿಲ್ಲ.
ನನಗೇ ನಗು ಬಂತು,
ಜರಡಿಯೂ ಆಗಿರಲಿಲ್ಲ ಅದು, ತೂತುಬಿದ್ದ ಕೊಡೆ.

ತಪ್ಪು ನಿನ್ನದಷ್ಟೇ ಅಲ್ಲ, ಅಂದರು ಸರ್,
ಹಿಡಿಯನ್ನು ತಿರುಗಿಸಿ ತೋರಿಸುತ್ತ.
ಮರದ ಹಿಡಿ, ಅವನ ಅಂಗೈಗೆ ಕೆತ್ತಿದ್ದು,
ಅವನ ಅಂಗೈಯೇ ಸವೆಸಿದ್ದು.
ನಾನು ಬೆಳಗ್ಗಿನಿಂದ ಹಿಡಿದದ್ದು
ಇನ್ನೊಬ್ಬರ ಹಲ್ಲುಸೆಟ್ಟು ಹಾಕಿಕೊಂಡು ಹೋಳಿಗೆ ತಿಂದಂತೆ.

ಪಿಸ್ತೂಲು ರೇಂಜಿನ ಕಪಾಟಿಗೆ ಹೋಯಿತು. ಸಹಿ, ಬೀಗ.
ಒಂದು ಸ್ಕ್ರೂ ಬಿಚ್ಚಿ ಹಿಡಿಯನ್ನು ಮಾತ್ರ
ಡಬ್ಬಿಯ ಚೀಲದಲ್ಲಿ ಲ್ಯಾಬಿಗೆ ತಂದೆ.
ಮೇಲ್ದವಡೆ ಎಲ್ಲಿ ಎತ್ತರವಾಗಿ ಒತ್ತುತ್ತದೆಂದು
ಹುಡುಕುವ ನೀಲಿ ಕಾಗದವಿದೆಯಲ್ಲ,
ಅದನ್ನೇ ಮರಕ್ಕೆ ಸುತ್ತಿ ಮುಷ್ಟಿ ಬಿಗಿದೆ, ಬಿಟ್ಟೆ.
ಅಂಗೈಯಲ್ಲಿ ಮೂರು ನೀಲಿ ಮಚ್ಚೆ.
ಎರಡನ್ನು ಮರದಲ್ಲಿ ಅರೆದೆ, ಮತ್ತೆ ಹಿಡಿದೆ, ಮತ್ತೆ ಅರೆದೆ;
ಅಕ್ರೋಟ್ ಮರದ ಪುಡಿ ಮೂಗಿಗೆ ಬೇರೆಯೇ ವಾಸನೆ.

ಮೂರನೆಯದು ಅವನ ಹೆಬ್ಬೆರಳಿನ ಗುಳಿಯ ಅಂಚು.
ನನ್ನದು ಅಲ್ಲಿಗೆ ಮುಟ್ಟುವುದಿಲ್ಲ, ಅರ್ಧ ಇಂಚು ಸಾಲದು.
ಗುಲಾಬಿ ಅಕ್ರಿಲಿಕ್ ಕಲಸಿ ಇಟ್ಟುಕೊಂಡೆ, ತುಂಬಲೆಂದು.
ಬಟ್ಟಲಲ್ಲೇ ಗಟ್ಟಿಯಾಯಿತು.

ಮುಂದಿನ ಭಾನುವಾರ ಸರ್ ಬೈದರೆ ನೋಡೋಣ.
ಪೆಪ್ಪರಮಿಂಟನ್ನಂತೂ ತಿಂದೆ.
ಇನ್ನೂ ಖಾರ ಇತ್ತು.